ಅಂಗೈಗೆ ವಾಪಸು ಬಂದದ್ದು

"ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಸಾಕು, ಕೈ ತೆಗೀರಿ," ಎಂದರು ನರ್ಸಮ್ಮ.

ಅವಳು ತೆಗೆಯಲಿಲ್ಲ. ಮೊಣಕೈ ಬಾಗಿಸದೆ, ಭುಜದ ಭಾರವನ್ನೆಲ್ಲ ಅಂಗೈಯ ಬುಡಕ್ಕೆ ಇಳಿಸಿ ಮೂವತ್ತೊಂದನ್ನೂ ಒತ್ತಿದಳು, ಮೂವತ್ತೆರಡನ್ನೂ ಒತ್ತಿದಳು. ಒತ್ತಿದಾಗಲೆಲ್ಲ ತರಬೇತಿಯ ಬೊಂಬೆಯ ಎದೆಯೊಳಗಿಂದ ಟಿಕ್ ಎಂದು ಸದ್ದು ಬರುತ್ತಿತ್ತು. ಸರಿಯಾದ ಆಳಕ್ಕೆ ಹೋದರೆ ಮಾತ್ರ ಬರುವ ಸದ್ದು. ನಲವತ್ತು ದಾಟಿತು. ಹಣೆಯ ಬೆವರು ಮೂಗಿನ ತುದಿಗಿಳಿದು ಬೊಂಬೆಯ ರಬ್ಬರ್ ಗದ್ದದ ಮೇಲೆ ಬಿತ್ತು. ಸುತ್ತ ನಿಂತಿದ್ದ ಪ್ಯಾಕಿಂಗ್ ವಿಭಾಗದ ಹತ್ತು ಹನ್ನೆರಡು ಜನ ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಿಡಕ್ಕ, ಅರ್ಧಮಾವ ಆಗಲೇ ಎದ್ದು ಮನೆಗೆ ಹೋದ," ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ಹೊಲಿಗೆಯವಳು. ಸೊಂಟದಿಂದ ಕೆಳಗೆ ಏನೂ ಇಲ್ಲದ ಆ ಬೊಂಬೆಗೆ ಅರ್ಧಮಾವ ಎಂದು ಹೆಸರಿಟ್ಟದ್ದೂ ಅವಳೇ. ಹೊಲಿಗೆ ಯಂತ್ರ ನಿಲ್ಲಿಸಿ ತಮಾಷೆ ನೋಡಲು ಬಂದಿದ್ದಳು.

ನರ್ಸಮ್ಮ ಮಂಡಿಯೂರಿ ಕೂತು ಅವಳ ಎರಡು ಕೈಗಳ ಮೇಲೆ ತಮ್ಮ ಒಂದು ಕೈ ಇಟ್ಟರು. ಆಗ ನಿಂತಿತು.

"ಸ್ಪ್ರಿಂಗಕ್ಕ ಅಂತ ಅಲ್ವಾ ಎಲ್ಲರೂ ನಿಮ್ಮನ್ನ ಕರೆಯೋದು? ನೀವು ಸೋಮವಾರದ ಬ್ಯಾಚಲ್ಲೂ ಇದ್ರಿ. ಹೋದ ವಾರ ಫೋಮ್ ಕತ್ತರಿಸೋರ ಜೊತೇಲೂ ಇದ್ರಿ."

"ನನಗೆ ಬೇಗ ತಲೆಗೆ ಹತ್ತಲ್ಲ ಸಿಸ್ಟರ್."

"ತಲೆಗೆ ಹತ್ತದೇ ಇರೋರು ಹೀಗೆ ಒತ್ತಲ್ಲ ಬಿಡಿ. ಮೂವತ್ತು ವರ್ಷದಿಂದ ಮಾಡ್ತಿದೀನಿ, ನನಗೇ ಇಷ್ಟು ನೀಟಾಗಿ ಬರಲ್ಲ."

"ಅಕ್ಕನಿಗೆ ಮಾವನ ಮೇಲೆ ಮನಸ್ಸಾಗಿದೆ ಸಿಸ್ಟರ್," ಎಂದಳು ಹೊಲಿಗೆಯವಳು. "ಆಗದೇ ಏನು? ಕಾಲಿಲ್ಲ, ಬಿಟ್ಟು ಓಡಲ್ಲ. ಬಾಯಿದೆ, ಎದುರು ಮಾತಾಡಲ್ಲ. ಇಂಥ ಗಂಡಸು ಇನ್ನೆಲ್ಲಿ ಸಿಗ್ತಾನೆ?"

ಎಲ್ಲರೂ ಗೊಳ್ಳೆಂದರು. ಮರುಗಳಿಗೆ ಹೊಲಿಗೆಯವಳು ನಾಲಿಗೆ ಕಚ್ಚಿಕೊಂಡಳು. ಅಕ್ಕನ ಗಂಡ ಹೋಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ನಗು ಒಬ್ಬೊಬ್ಬರ ಬಾಯಿಂದ ಒಂದೊಂದು ಹೊತ್ತಿಗೆ ನಿಂತಿತು. ಅವಳು ಮಾತ್ರ ಏನೂ ಆಗದವಳಂತೆ ಸೆರಗಿನಿಂದ ಬೊಂಬೆಯ ಗದ್ದ ಒರೆಸಿ, "ಪಾಪ, ನನ್ನ ಬೆವರೆಲ್ಲ ಇವನಿಗೆ," ಎಂದು ಎದ್ದಳು.

ಹಾಸಿಗೆ ಕಾರ್ಖಾನೆಯಲ್ಲಿ ಅವಳದು ಕೊನೆಯ ಮೇಜು. ಫೋಮ್ ಕತ್ತರಿಸಿ, ಸ್ಪ್ರಿಂಗ್ ಕೂರಿಸಿ, ಬಟ್ಟೆ ಹೊಲಿದು, ಅಂಚು ಕಟ್ಟಿ ಎಲ್ಲ ಮುಗಿದ ಮೇಲೆ ಹಾಸಿಗೆ ಅವಳ ಮುಂದೆ ಬಂದು ಮಲಗುತ್ತದೆ. ಅವಳು ಅದನ್ನು ಹನ್ನೊಂದು ಕಡೆ ಒತ್ತುತ್ತಾಳೆ. ತಲೆಯ ಕಡೆ ಮೂರು, ಸೊಂಟದ ಕಡೆ ಐದು, ಕಾಲ ಕಡೆ ಮೂರು. ಕೈ ಎಷ್ಟು ಕೆಳಗೆ ಹೋಯಿತು ಎಂದು ಯಾರು ಬೇಕಾದರೂ ಹೇಳಬಹುದು. ಅದು ಹೇಗೆ ವಾಪಸು ಬಂತು ಎಂದು ಹೇಳಲು ಮಾತ್ರ ಅವಳೇ ಬೇಕು. ತಡವಾಗಿ ಬಂತೇ, ತಡವರಿಸಿ ಬಂತೇ, ಅಂಗೈ ಬಿಟ್ಟ ಮೇಲೆ ಬಂತೇ, ಅಂಗೈಯ ಜೊತೆಗೇ ಬಂತೇ. ಇಪ್ಪತ್ತೊಂದು ವರ್ಷದಲ್ಲಿ ಅವಳು ಪಾಸು ಮಾಡಿದ ಹಾಸಿಗೆ ದೂರು ಹೊತ್ತು ಹಿಂದಿರುಗಿದ್ದು ಎರಡೋ ಮೂರೋ. ಅಳತೆಯ ಯಂತ್ರವೊಂದನ್ನು ತಂದಿದ್ದರು. ಒಂದು ವರ್ಷ ಅದೂ ಅವಳೂ ಅಕ್ಕಪಕ್ಕ ಕೆಲಸ ಮಾಡಿದರು. ಯಂತ್ರ ಕೆಟ್ಟಿತು. ಅದರ ಮೇಲೆ ಈಗ ಎಲ್ಲರ ಊಟದ ಡಬ್ಬಿಗಳಿವೆ.

ಪ್ರತಿ ವಿಭಾಗದಲ್ಲೂ ಹೃದಯ ನಿಂತವರ ಎದೆ ಒತ್ತಲು ಬರುವವರು ಇಬ್ಬರಾದರೂ ಇರಲೇಬೇಕು ಎಂದು ಆಡಳಿತದವರು ನರ್ಸಮ್ಮನನ್ನು ಕರೆಸಿದ್ದರು. ವಾರಕ್ಕೆರಡು ದಿನ, ಊಟವಾದ ಮೇಲೆ ಒಂದೊಂದು ಬ್ಯಾಚು. ಅವಳ ವಿಭಾಗದ ಪಾಠ ಮೊದಲನೆಯದು. ಅಂದು ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ್ದರು:

"ಇನ್ನೊಂದು ಮಾತು. ಮನುಷ್ಯ ಮಂಚದ ಮೇಲೆ ಬಿದ್ದಿದ್ರೆ ಮೊದಲು ನೆಲಕ್ಕೆ ಎಳೀರಿ. ಭುಜ ಹಿಡೀತೀರೋ, ಬೆಡ್‌ಶೀಟ್ ಹಿಡೀತೀರೋ, ಎಳೀರಿ. ಹಾಸಿಗೆ ಮೇಲೆ ಒತ್ತಿದ್ರೆ ನಿಮ್ಮ ಬಲ ಎಲ್ಲ ಹಾಸಿಗೆ ತಿಂದುಬಿಡುತ್ತೆ. ಹೃದಯದ ತನಕ ಹೋಗೋದೇ ಇಲ್ಲ."

"ಒಳ್ಳೆ ಹಾಸಿಗೆ ಆದ್ರೆ ಸಿಸ್ಟರ್?" ಎಂದು ಮೇಲ್ವಿಚಾರಕ ಎದೆಯುಬ್ಬಿಸಿ ಕೇಳಿದ್ದ.

"ಒಳ್ಳೇದಾದಷ್ಟೂ ಕೆಟ್ಟದ್ದು."

"ಹಾಗಾದ್ರೆ ನಮ್ಮ ಕಂಪನಿ ಹಾಸಿಗೆ ಮೇಲೆ ಬಿದ್ದೋನು ಬದುಕಲ್ಲ ಅನ್ನಿ. ಜಾಹೀರಾತಿಗೆ ಹಾಕಿಸೋಣ!"

ಎಲ್ಲರೂ ನಕ್ಕಿದ್ದರು. ಅವಳೂ ನಗಲು ಬಾಯಿ ತೆರೆದಿದ್ದಳು. ತೆರೆದ ಬಾಯಿ ಹಾಗೇ ಉಳಿಯಿತು.

ಅವಳ ಗಂಡ ಬಸ್ಸಿನ ಡ್ರೈವರು. ಬೆಳಗಿನ ಪಾಳಿ ಮುಗಿಸಿ ಎರಡಕ್ಕೆ ಮನೆಗೆ ಬಂದು, ಉಂಡು, ನಾಲ್ಕರವರೆಗೆ ಮಲಗುತ್ತಿದ್ದ. ಅವಳು ಎರಡೂವರೆಗೆ ಊಟಕ್ಕೆಂದು ಬರುವಳು. ಮನೆ ಎರಡೇ ಬೀದಿ ದೂರ. ಅವನು ನಿದ್ದೆಯಲ್ಲೂ ಬ್ರೇಕು ತುಳಿಯುತ್ತಿದ್ದ. ಬಲಗಾಲು ಒಮ್ಮೊಮ್ಮೆ ಗಟ್ಟಿಯಾಗಿ ಚಾಚಿಕೊಳ್ಳುವುದು. ಆಗ ಅವಳು ಅವನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತುವಳು, ಕಾಲು ಸಡಿಲವಾಗುವುದು. ಎಚ್ಚರವಿದ್ದರೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ: "ಏನು ಇನ್‌ಸ್ಪೆಕ್ಟ್ರೇ, ಪಾಸಾ ಫೇಲಾ?"

"ಅಂಚು ಸರಿಯಿಲ್ಲ. ಹೊಟ್ಟೆ ಕಡೆ ತುಂಬಾ ಹತ್ತಿ ತುಂಬಿಸಿದಾರೆ."

"ನೀನೇ ತುಂಬಿಸಿದ್ದು."

ಮದುವೆಯಾದ ಹೊಸತರಲ್ಲಿ ಅವರಿಗಿದ್ದದ್ದು ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಹಳೆಯ ಹಾಸಿಗೆ. ನಡುವೆ ತೊಟ್ಟಿಯಂತೆ ಕುಸಿದಿತ್ತು. ಜಗಳವಾಡಿ ಆ ಮಗ್ಗುಲು ಈ ಮಗ್ಗುಲು ಮಲಗಿದರೂ ಅರ್ಧ ಗಂಟೆಯಲ್ಲಿ ಇಬ್ಬರೂ ಉರುಳಿ ನಡುವಿನ ಗುಂಡಿಗೆ ಬಂದು ಬೀಳುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ವರ್ಷಗಟ್ಟಲೆ ಸ್ಟಿಯರಿಂಗ್ ಹಿಡಿದು ಅವನ ಬೆನ್ನು ಹಾಳಾದ ಮೇಲೆ ಅವಳು ಹಟ ಹಿಡಿದು, ಮೇಲ್ವಿಚಾರಕನನ್ನು ಕಾಡಿ ಬೇಡಿ, ಒಂದು ಹಾಸಿಗೆಯನ್ನು ಪೂರ್ತಿ ತನ್ನ ಕೈಯಾರೆ ಮಾಡಿದಳು. ಮಾರಾಟದ ಹಾಸಿಗೆಗಿಂತ ಎರಡು ಪದರ ಹೆಚ್ಚು. ಪ್ರತಿ ಸ್ಪ್ರಿಂಗೂ ತನ್ನದೇ ಬಟ್ಟೆಯ ಚೀಲದಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಾಗದ ಹಾಗೆ. ಒಂದು ಅಂಚಿನಲ್ಲಿ ನೀರು ತುಂಬಿದ ಲೋಟ ಇಟ್ಟು ಇನ್ನೊಂದು ಅಂಚಿನಲ್ಲಿ ಕುಣಿದರೂ ಹನಿ ಚೆಲ್ಲುತ್ತಿರಲಿಲ್ಲ. ನಸುಕಿನಲ್ಲಿ ಅವನು ಪಾಳಿಗೆ ಎದ್ದುಹೋದದ್ದು ಅವಳಿಗೆ ತಿಳಿಯುತ್ತಿರಲಿಲ್ಲ, ಮಧ್ಯಾಹ್ನ ಅವಳು ಬಂದು ಪಕ್ಕದಲ್ಲಿ ಕೂತದ್ದು ಅವನಿಗೆ ತಿಳಿಯುತ್ತಿರಲಿಲ್ಲ. ಬೆನ್ನು ವಾಸಿಯಾಯಿತು. ಅವನು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆ ಮಧ್ಯಾಹ್ನ ಅವಳು ಕೈ ತೊಳೆದು ಬರುವಷ್ಟರಲ್ಲಿ ಅವನ ಗಂಟಲಿನಿಂದ ಗೊರಕೆಯಂಥದ್ದೇ ಆದರೆ ಗೊರಕೆಯಲ್ಲದ ಒಂದು ಸದ್ದು ಬಂತು. ಆಮೇಲೆ ಏನೂ ಬರಲಿಲ್ಲ. ಅಲುಗಿಸಿದಳು. ಕೆನ್ನೆ ತಟ್ಟಿದಳು. ಆಂಬುಲೆನ್ಸಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ದಿಂಬಿನ ಮೇಲಿಟ್ಟಳು. ಆ ಕಡೆ ಚಿಕ್ಕ ವಯಸ್ಸಿನ ಹೆಣ್ಣು ದನಿ, ಅವಸರವಿಲ್ಲದ ದನಿ. ಎದೆಯ ನಡುವೆ ಅಂಗೈ ಇಡಿ, ಇನ್ನೊಂದು ಕೈ ಅದರ ಮೇಲೆ, ಎರಡಿಂಚು ಒತ್ತಿ ಬಿಡಿ ಎಂದಿತು. ಅವಳು ಒತ್ತಿದಳು.

"ಅವರನ್ನ ನೆಲದ ಮೇಲೆ ಮಲಗಿಸೋಕೆ ಆಗುತ್ತಾ ಮೇಡಂ?"

ಆಗುತ್ತಿತ್ತು. ದಿನಕ್ಕೆ ಅರವತ್ತು ಹಾಸಿಗೆ ಮಗುಚುವವಳಿಗೆ ಒಬ್ಬ ಡ್ರೈವರನನ್ನು ಬೆಡ್‌ಶೀಟಿನ ಸಮೇತ ಕೆಳಗೆಳೆಯುವುದು ದೊಡ್ಡದಲ್ಲ. ಆದರೆ ಅಷ್ಟರಲ್ಲಿ ಅವಳ ಕೈ ಕೆಳಗೆ ಹೋಗಿ ವಾಪಸು ಬಂದಿತ್ತು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅಂಗೈಯ ಜೊತೆಗೇ, ತಡವರಿಸದೆ, ತುಂಬಿಕೊಂಡು ಬಂದಿತ್ತು. ಅವನೇ ಒಳಗಿಂದ ಎದೆಯನ್ನು ಮೇಲಕ್ಕೆ ಕೊಡುತ್ತಿದ್ದಾನೆ ಎನ್ನುವಂತೆ.

"ಬೇಡಮ್ಮ, ಇಲ್ಲೇ ಚೆನ್ನಾಗಿ ಬರ್ತಿದೆ," ಎಂದಿದ್ದಳು.

ಹದಿನಾಲ್ಕು ನಿಮಿಷ. ಅವನ ಅಂಗಿಯ ಮೂರನೆಯ ಗುಂಡಿ ಅಂಗೈಗೆ ಒತ್ತುತ್ತಿತ್ತು. ಅದನ್ನು ಬಿಚ್ಚಲೂ ಕೈ ತೆಗೆಯಲಿಲ್ಲ. ರೀ, ಬರ್ತಿದೆ ರೀ, ಬರ್ತಿದೆ, ಎನ್ನುತ್ತಲೇ ಇದ್ದಳು. ದಣಿವೆನ್ನುವುದು ಹತ್ತಿರ ಸುಳಿಯಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಕೂಡಿ ಒಂದೇ ಕೆಲಸ ಮಾಡಿದ್ದು ಅದೇ ಮೊದಲು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದ್ದಿದೆ. ಅವಳು ಒತ್ತುವುದು, ಅವನು ವಾಪಸು ಕೊಡುವುದು. ಬಾಗಿಲಲ್ಲಿ ಬೂಟಿನ ಸದ್ದಾಗಿ, ಇಬ್ಬರು ಗಂಡಸರು ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಅವನನ್ನು ಒಂದೇ ಎಳೆತಕ್ಕೆ ನೆಲಕ್ಕಿಳಿಸಿ ಎದೆಗೆ ತಂತಿ ಅಂಟಿಸಿದರು. ಅವರ ಒತ್ತುವಿಕೆಗೆ ಅವನ ದೇಹದಿಂದ ಬೇರೆಯೇ ಸದ್ದು ಬಂತು. ಅಷ್ಟು ಜೋರಾಗಿ ಒತ್ತಬೇಡಿ, ನೋವಾಗುತ್ತೆ, ಎಂದು ಕೂಗಿದಳು. ಮೂರೂ ಇಪ್ಪತ್ತಕ್ಕೆ ಅವರೂ ನಿಲ್ಲಿಸಿದರು.

ಕೇಳಿದವರಿಗೆಲ್ಲ, "ನಿದ್ದೆಯಲ್ಲೇ ಹೋಗಿಬಿಟ್ರು, ನಾನು ನೋಡೋ ಹೊತ್ತಿಗೆ ಮುಗಿದಿತ್ತು," ಎಂದಳು. ಮಗಳಿಗೂ ಅಷ್ಟೇ ಹೇಳಿದಳು. ಆ ಹದಿನಾಲ್ಕು ನಿಮಿಷವನ್ನು ಯಾರೊಂದಿಗೂ ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ರಾತ್ರಿ ತನ್ನ ಮಗ್ಗುಲಲ್ಲಿ ಮಲಗಿದರೆ ಆ ಮಗ್ಗುಲು ಖಾಲಿಯೆಂದು ಹಾಸಿಗೆ ಹೇಳುತ್ತಿರಲಿಲ್ಲ. ಹೇಳದಿರುವಂತೆ ಮಾಡಿದವಳು ಅವಳೇ. ಕೈ ಚಾಚಿ ಮುಟ್ಟುವವರೆಗೂ ಅವನಿದ್ದರೂ ಹಾಗೆ, ಇಲ್ಲದಿದ್ದರೂ ಹಾಗೆ. ಆ ಹಳೆಯ ತೊಟ್ಟಿ ಹಾಸಿಗೆಯಾದರೂ ಇದ್ದಿದ್ದರೆ ಒಬ್ಬಳೇ ಉರುಳಿ ಗುಂಡಿಗೆ ಬಿದ್ದಾಗಲಾದರೂ ಗೊತ್ತಾಗುತ್ತಿತ್ತು ಎಂದುಕೊಳ್ಳುತ್ತ, ಅವನ ಜಾಗದಲ್ಲಿ ಅಂಗೈ ಊರಿ ಒಂದು ಸಲ ಒತ್ತುವಳು. ವಾಪಸು ಬರುತ್ತಿತ್ತು. ಮೂರೂವರೆ ತಿಂಗಳು ಅದರ ಮೇಲೇ ಕಳೆದಳು. ನರ್ಸಮ್ಮನ ಮಾತು ಕೇಳಿದ ರಾತ್ರಿ ಕೈ ಚಾಚಲಿಲ್ಲ. ನೆಲದ ಮೇಲೆ ಬರಿಯ ಹೊದಿಕೆ ಹಾಸಿಕೊಂಡು ಮಲಗಿದಳು.

ಚಹಾದ ಗಂಟೆ ಹೊಡೆಯಿತು. ಪ್ಯಾಕಿಂಗಿನವರು ಒಬ್ಬೊಬ್ಬರಾಗಿ ಹೊರಟರು. ಹೊಲಿಗೆಯವಳು ಹತ್ತಿರ ಬಂದು, "ಅಕ್ಕ, ನನ್ನ ಬಾಯಿಗೆ ಒಂದು ಹೊಲಿಗೆ ಹಾಕ್ಬೇಕು. ಬೇಜಾರಾಯ್ತಾ?" ಎಂದಳು.

"ನಿನ್ನ ಬಾಯಿಗೆ ಯಾವ ದಾರಾನೂ ತಡಿಯಲ್ಲ. ಹೋಗು, ನನ್ನ ಚಹಾನೂ ನೀನೇ ಕುಡಿ."

ನರ್ಸಮ್ಮ ಬೊಂಬೆಯ ಬಾಯಿ ಒರೆಸಿ ಅದನ್ನು ದೊಡ್ಡ ಚೀಲಕ್ಕೆ ತುಂಬುತ್ತಿದ್ದರು.

"ಸಿಸ್ಟರ್, ಒಂದೇ ಒಂದು ಸಲ ಇವನನ್ನ ನನ್ನ ಮೇಜಿನ ಹತ್ತಿರ ತರ್ತೀರಾ?"

"ಯಾಕೆ?"

"ಒಂದು ಹಾಸಿಗೆ ಮೇಲೆ ಮಲಗಿಸಿ ನೋಡ್ಬೇಕು."

ನರ್ಸಮ್ಮ ಅವಳನ್ನು ಒಂದು ಗಳಿಗೆ ನೋಡಿದರು. ಚೀಲ ಎತ್ತಿಕೊಂಡರು. "ನಡೀರಿ. ನನ್ನ ಚಹಾನೂ ಯಾರಾದ್ರೂ ಕುಡೀಲಿ."

ಕೊನೆಯ ಮೇಜಿನ ಬಳಿ ಯಾರೂ ಇರಲಿಲ್ಲ. ಅವಳು ಗೋಡೆಗೆ ಒರಗಿಸಿದ್ದ ಹಾಸಿಗೆಗಳಲ್ಲಿ ಒಂದನ್ನು ಆರಿಸಿ ಕೆಡವಿದಳು. ಅದರ ಮೇಲೆ ಎರಡು ಪದರ ಫೋಮ್ ಹಾಸಿದಳು, ಕೈಯಿಂದ ಒಮ್ಮೆ ಅಳೆದಳು, ಒಂದು ಪದರ ಬದಲಿಸಿದಳು. ಮತ್ತೆ ಅಳೆದಳು. ಹೌದು, ಇದೇ. ಬೊಂಬೆಯನ್ನು ಮಗುವನ್ನು ಮಲಗಿಸುವ ಹಾಗೆ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಮಲಗಿಸಿ, ಪಕ್ಕಕ್ಕೆ ಮಂಡಿಯೂರಿ ಒತ್ತಿದಳು.

ಸದ್ದು ಬರಲಿಲ್ಲ.

ಒತ್ತಿದಳು. ಬರಲಿಲ್ಲ. ಕೈ ಮಾತ್ರ ಚೆನ್ನಾಗಿ ಕೆಳಗೆ ಹೋಗಿ, ಚೆನ್ನಾಗಿ ವಾಪಸು ಬರುತ್ತಿತ್ತು. ಅದೇ, ತುಂಬಿಕೊಂಡು, ಅಂಗೈಯ ಜೊತೆಗೇ. ಅವನದೆಂದುಕೊಂಡದ್ದು ಇದು. ಹತ್ತರವರೆಗೆ ಏನಿಲ್ಲ. ಹನ್ನೊಂದಕ್ಕೆ ಅವಳ ಭಾರವೆಲ್ಲ ಒಂದೇ ಕಡೆ ಬಿದ್ದಿತೇನೋ, ಟಿಕ್ ಎಂದಿತು. ಮತ್ತೆ ಮೌನ. ಮತ್ತೆ ಇಪ್ಪತ್ತೆರಡಕ್ಕೋ ಇಪ್ಪತ್ಮೂರಕ್ಕೋ ಒಂದು. ನೂರರವರೆಗೆ ಒತ್ತಿ ಕೈ ತೆಗೆದು ಹಿಂದಕ್ಕೆ ಕೂತಳು.

"ಒಂಬತ್ತು," ಎಂದರು ನರ್ಸಮ್ಮ. ಅವರೂ ಎಣಿಸುತ್ತಿದ್ದರು.

"ನೂರಕ್ಕೆ ಒಂಬತ್ತು. ನಿಮಿಷಕ್ಕೆ ನೂರ ಹತ್ತು ಅಂತಲ್ವಾ ನೀವು ಹೇಳಿದ್ದು? ಹದಿನಾಲ್ಕು ನಿಮಿಷಕ್ಕೆ ಎಷ್ಟಾಗುತ್ತೆ ಸಿಸ್ಟರ್? ಒಂದೂವರೆ ಸಾವಿರ. ಅದರಲ್ಲಿ ಒಂದು ನೂರ ನಲವತ್ತು ಮುಟ್ಟಿರಬಹುದು. ನೂರ ನಲವತ್ತು ಸಾಲುತ್ತಾ?"

"ಯಾರಿಗೆ ಮಾಡಿದ್ರಿ?"

"ನಮ್ಮನೆಯವರಿಗೆ."

ತಾನು ಅವನ ಎದೆ ಒತ್ತಿದ್ದೆನೆಂದು ಅವಳು ಯಾರೆದುರಾದರೂ ಬಾಯಿ ಬಿಟ್ಟದ್ದು ಅದೇ ಮೊದಲು. ನರ್ಸಮ್ಮ ಹಾಸಿಗೆಯ ಇನ್ನೊಂದು ಅಂಚಿನಲ್ಲಿ ಕೂತರು. ಸ್ಥೂಲ ದೇಹ. ಆದರೂ ಅವಳ ಕಡೆಗೆ ಒಂದಿಷ್ಟೂ ಅಲುಗಾಟ ಬರಲಿಲ್ಲ. ಅವಳು ಎಲ್ಲ ಹೇಳಿದಳು: ಫೋನಿನ ಹುಡುಗಿ ನೆಲಕ್ಕೆ ಎಂದದ್ದು, ತಾನು ಬೇಡಮ್ಮ ಎಂದದ್ದು. ಹೇಳುವಾಗ ಅಳಲಿಲ್ಲ. ಅಂಗಿಯ ಗುಂಡಿಯ ವಿಷಯಕ್ಕೆ ಬಂದಾಗ ಮಾತ್ರ ಅಂಗೈ ತಿರುಗಿಸಿ ನೋಡಿಕೊಂಡಳು.

"ನೋಡಮ್ಮಾ," ಎಂದರು ನರ್ಸಮ್ಮ, "ನೆಲದ ಮೇಲೆ ಒತ್ತಿದ್ರೂ ಹತ್ತರಲ್ಲಿ ಒಬ್ಬರು ಉಳಿದ್ರೆ ಹೆಚ್ಚು. ಆಸ್ಪತ್ರೆ ಒಳಗೆ, ನಮ್ಮ ಕೈಯಲ್ಲೇ..."

"ಅದು ಎಲ್ಲರಿಗೂ ಹೇಳೋ ಮಾತು ಸಿಸ್ಟರ್."

"ಹೌದು, ಎಲ್ಲರಿಗೂ ಹೇಳ್ತೀನಿ. ನಿಜ ಅಂತಲೇ ಹೇಳ್ತೀನಿ."

"ನನಗೆ ಹತ್ತು ಜನದ್ದು ಬೇಡ. ಅವರೊಬ್ಬರದ್ದು ಗೊತ್ತಾದ್ರೆ ಸಾಕು. ನನ್ನ ಕೈ ಅವರಿಗೆ ಮುಟ್ಟಿತ್ತೋ, ಇಲ್ಲ ಅಷ್ಟು ಹೊತ್ತೂ ನಾನು ನನ್ನ ಹಾಸಿಗೆ ಜೊತೆಗೇ ಮಾತಾಡ್ತಾ ಇದ್ನೋ."

ಕೆಳಗಿನ ಅಂಗಳದಿಂದ ಚಹಾ ಕುಡಿಯುವವರ ಗದ್ದಲ ಕೇಳುತ್ತಿತ್ತು. ಯಾರೋ ಯಾರದೋ ಚಪ್ಪಲಿ ಬಚ್ಚಿಟ್ಟಿದ್ದರು. ಹೊಲಿಗೆಯವಳ ದನಿ ಎಲ್ಲಕ್ಕಿಂತ ಮೇಲೆ.

"ಅದು ಗೊತ್ತಾಗುತ್ತೆ," ಎಂದರು ನರ್ಸಮ್ಮ ಕಡೆಗೆ.

ಅವಳು ತಲೆಯೆತ್ತಿದಳು.

"ಪೂರ್ತಿ ಅಲ್ಲದಿದ್ರೂ ಸುಮಾರಾಗಿ ಗೊತ್ತಾಗುತ್ತೆ. ಆಂಬುಲೆನ್ಸಿನವರು ಬಂದ ತಕ್ಷಣ ಎದೆಗೆ ತಂತಿ ಅಂಟಿಸಿದ್ರು ಅಂದ್ರಲ್ಲ, ಆ ಮೆಷಿನ್ನು ಮೊದಲ ಗೆರೆಯಿಂದ ಎಲ್ಲಾ ಬರೆದಿಟ್ಕೊಂಡಿರುತ್ತೆ. ಹದಿನಾಲ್ಕು ನಿಮಿಷ ಆದ್ಮೇಲೂ ಗೆರೆ ಇನ್ನೂ ನಡುಗ್ತಾ ಇತ್ತು ಅಂದ್ರೆ, ಒಳಗೆ ರಕ್ತ ಹೋಗ್ತಾ ಇತ್ತು ಅಂತ. ನಿಮ್ಮ ಕೈ ಮುಟ್ಟಿತ್ತು ಅಂತ. ಸಪಾಟಾಗಿತ್ತು ಅಂದ್ರೆ..." ಅವರು ಕೈಚೀಲಕ್ಕೆ ಕೈ ಹಾಕಿದರು. "ನನ್ನ ಸ್ವಂತ ತಮ್ಮ ಆ ಆಂಬುಲೆನ್ಸ್ ಠಾಣೇಲೇ ಕೆಲಸ ಮಾಡೋದು. ನೀವು ಮನೆಯವರು, ಕೇಳೋ ಹಕ್ಕಿದೆ. ತಾರೀಖು ಹೇಳಿ, ಈಗಲೇ ಕೇಳ್ತೀನಿ. ಎರಡು ನಿಮಿಷದ ಕೆಲಸ."

ಅವರು ಕೈಚೀಲದಿಂದ ಫೋನು ತೆಗೆದು, ಕನ್ನಡಕವನ್ನು ಮೂಗಿಗೆ ಇಳಿಸಿ, ತಮ್ಮನ ಹೆಸರು ಹುಡುಕತೊಡಗಿದರು.

ಒಂದು ಗೆರೆ. ಎರಡು ವಾರದಿಂದ ಮೂರು ಬ್ಯಾಚು ಕದ್ದು ಬಂದದ್ದು ಇದಕ್ಕಾಗಿಯೇ ಅಲ್ಲವೇ? ಈ ನೆಲದಲ್ಲಿ, ಈ ಊರಿನಲ್ಲಿ, ಎಲ್ಲೋ ಒಂದು ಕಪಾಟಿನಲ್ಲಿ ಅವನ ಎದೆಯೊಳಗಿನ ಸಂಗತಿ ಕಾಗದದ ಮೇಲೆ ಕೂತಿದೆ, ಯಾವನೋ ತಮ್ಮ ಅದನ್ನು ಫೋನಿನಲ್ಲಿ ಓದಿ ಹೇಳುತ್ತಾನೆ. ನಡುಗುತ್ತಿತ್ತು ಎಂದರೆ, ಅವನು ಅಲ್ಲೇ ಇದ್ದ, ಕಾಯುತ್ತಿದ್ದ, ಕೆಳಗೆ ಎಳೆದಿದ್ದರೆ ಬರುತ್ತಿದ್ದ. ಸಪಾಟು ಎಂದರೆ, ಆ ಮಧ್ಯಾಹ್ನ ಆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ರೀ ಎಂದದ್ದಕ್ಕೆ ಫೋಮು ಓಗೊಟ್ಟಿತು. ಈಗಿನ್ನೂ ಎರಡೂ ಆಗಿರಲಿಲ್ಲ. ಈಗಿನ್ನೂ ಅವಳ ಕೈ ಕೆಳಗೆ ಹೋಗುತ್ತಿತ್ತು, ಏನೋ ಒಂದು ವಾಪಸು ಬರುತ್ತಿತ್ತು, ಅದರಲ್ಲಿ ನೂರಕ್ಕೆ ಒಂಬತ್ತು ಅವನದಾಗಿದ್ದೀತು. ಆ ಒಂಬತ್ತರ ನಡುವೆ ಅವನು ಉಸಿರು ಹಿಡಿದುಕೊಂಡು ಮಲಗಿದ್ದ, ಇನ್ನೂ ಪೂರ್ತಿ ಹೋಗದೆ.

"ಯಾವ ತಾರೀಖು, ಹೇಳಿ?" ನರ್ಸಮ್ಮ ಫೋನನ್ನು ಕಿವಿಗೆ ಹಿಡಿದಿದ್ದರು. ಆ ಕಡೆ ರಿಂಗಾಗುತ್ತಿರುವುದು ಅವಳಿಗೂ ಕೇಳಿಸುತ್ತಿತ್ತು.

"ಬೇಡ."

"ಹೆದರಬೇಡಿ. ಏನೇ ಇರಲಿ, ಗೊತ್ತಾದ್ರೆ ಮನಸ್ಸಿಗೆ ಒಂದು..."

"ಬೇಡ ಅಂದೆ ಸಿಸ್ಟರ್. ಫೋನ್ ಇಡಿ. ತಾರೀಖು ನಾನು ಹೇಳಲ್ಲ."